ಕಾಲೇಜು ನೋಡಲು ಗಂಡಿನ ಕಡೆಯವರು ಬಂದರು

ನಮ್ಮ ಕಾಲೇಜಿನ ಅಂತರರಾಷ್ಟ್ರೀಯ ಸಹಭಾಗಿತ್ವ ಕೋಶಕ್ಕೆ ನಾನು ಸಂಚಾಲಕಿಯಾದದ್ದು ನನ್ನ ವಿದ್ವತ್ತಿನಿಂದಲ್ಲ, ನನ್ನ ಪಾಸ್‌ಪೋರ್ಟಿನಿಂದ. ಶಿಕಾರಿಪುರದ ಆ ಖಾಸಗಿ ಪದವಿ ಕಾಲೇಜಿನ ಅಧ್ಯಾಪಕರಲ್ಲಿ ಪಾಸ್‌ಪೋರ್ಟ್ ಇದ್ದವಳು ನಾನೊಬ್ಬಳೇ. ಅದೂ ದುಬೈಯಲ್ಲಿದ್ದ ನಾದಿನಿ ಬಾಣಂತನಕ್ಕೆ ಬಾ ಎಂದು ಕರೆದಾಗ ಮಾಡಿಸಿದ್ದು. ಕೊನೆಗೆ ನಾದಿನಿಯೇ ಹೆರಿಗೆಗೆ ಊರಿಗೆ ಬಂದುಬಿಟ್ಟಳು. ನನ್ನ ಪಾಸ್‌ಪೋರ್ಟ್ ಒಂದು ಮುದ್ರೆಯನ್ನೂ ಕಾಣದೆ ಅಲ್ಮೇರಾದಲ್ಲಿ ರೇಷ್ಮೆ ಸೀರೆಗಳ ನಡುವೆ ಸುಖವಾಗಿ ಮಲಗಿತ್ತು.

ಒಂದು ದಿನ ಅಧ್ಯಾಪಕರ ಸಭೆಯಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಇದ್ದಕ್ಕಿದ್ದಂತೆ ಕೇಳಿದರು, “ಯಾರ ಕಡೆ ಐತ್ರೀ ಪಾಸ್‌ಪೋರ್ಟು?” ನಾನು ಕೈ ಎತ್ತಿದೆ. ಎತ್ತಬಾರದಿತ್ತು. ಸರ್ಕಾರಿ ಸಮೀಕ್ಷೆ ಏನೋ ಇರಬೇಕು ಎಂದುಕೊಂಡೆ. ಸಭೆ ಮುಗಿಯುವಷ್ಟರಲ್ಲಿ ನನಗೆ ಒಂದು ಹೊಸ ಕುರ್ಚಿ, ಒಂದು ಹಳೆಯ ಕಂಪ್ಯೂಟರ್ ಮತ್ತು ಹೊರದೇಶದಿಂದ ಒಂದು ವಿಶ್ವವಿದ್ಯಾಲಯವನ್ನು ಹಿಡಿದು ತರುವ ಜವಾಬ್ದಾರಿ ಬಂದಿತ್ತು.

ನಮ್ಮ ಅಧ್ಯಕ್ಷರ ಬಗ್ಗೆ ಹೇಳಬೇಕು. ಅಕ್ಕಿ ಗಿರಣಿಯ ಮಾಲೀಕರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಎರಡು ಫೋನು, ಬಾಯಲ್ಲಿ ಯಾವಾಗಲೂ ಅರ್ಧ ಅಗಿದ ಎಲೆ. ತಾವು ಕಾಲೇಜು ಮೆಟ್ಟಿಲು ಹತ್ತದಿದ್ದರೂ ಊರಿಗೆ ಕಾಲೇಜು ಕಟ್ಟಿಸಿದ ಮನೆತನ ಅವರದು. ಅದಕ್ಕೆ ನನಗೆ ಅವರ ಮೇಲೆ ಗೌರವ ಇದೆ. ಆ ಗೌರವದ ಜೊತೆಗೇ ಸಿಟ್ಟೂ ಇದೆ. ದಾವಣಗೆರೆಯಲ್ಲಿ ಯಾವುದೋ ಕಾಲೇಜಿನ ಗೇಟಿನ ಮೇಲೆ ಪರದೇಶದ ಬಾವುಟ ಬರೆಸಿದ ಬೋರ್ಡನ್ನು ನೋಡಿ ಬಂದ ದಿನದಿಂದ ಅವರಿಗೆ ನಿದ್ದೆ ಸರಿಯಾಗಿರಲಿಲ್ಲ. “ನಮ್ಮದೂ ಒಂದು ಆಗ್ಲಿ” ಎನ್ನುತ್ತಿದ್ದರು, ಗಿರಣಿಗೆ ಹೊಸ ಯಂತ್ರ ತರುವ ಧಾಟಿಯಲ್ಲಿ.

ನಾನು ಸಸ್ಯಶಾಸ್ತ್ರದವಳು. ಬಾವುಟ ಯಾವುದಾದರೂ ನನಗೆ ಅಷ್ಟೇ. ನನಗೆ ಬೇಕಾಗಿದ್ದದ್ದು ಸೂಕ್ಷ್ಮದರ್ಶಕ. ನಮ್ಮ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕವೇ ಇರಲಿಲ್ಲ ಎಂದಲ್ಲ, ಎರಡಿದ್ದವು. ಒಂದಕ್ಕೆ ಕನ್ನಡಿ ಇರಲಿಲ್ಲ, ಇನ್ನೊಂದರ ಮಸೂರದೊಳಗೆ ಬೂಷ್ಟು ಬೆಳೆದಿತ್ತು. ಆ ಬೂಷ್ಟಿನ ಮೇಲೆಯೇ ಒಂದು ಪಾಠ ಮಾಡಬಹುದಿತ್ತು, ಆದರೆ ಅದನ್ನು ನೋಡಲು ಇನ್ನೊಂದು ಸೂಕ್ಷ್ಮದರ್ಶಕ ಬೇಕಿತ್ತು. ಹಾಗಾಗಿ ನಾನು ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದೆ, ಮಕ್ಕಳು ಅದನ್ನು ನೋಡಿ ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಪ್ರತಿ ವರ್ಷ ಕೇಳಿದಾಗಲೂ ಅಧ್ಯಕ್ಷರದು ಒಂದೇ ಉತ್ತರ: “ಮುಂದಿನ ವರ್ಷ ನೋಡೂಣ ಬಿಡ್ರಿ.”

ಸಂಜೆ ಹೊತ್ತು ಕೂತು ಕಂಡ ಕಂಡ ದೇಶಗಳಿಗೆಲ್ಲ ಮಿಂಚಂಚೆ ಬರೆದೆ. ಬಹಳಷ್ಟು ಕಡೆಯಿಂದ ಉತ್ತರ ಬರಲಿಲ್ಲ. ಕೆಲವರು ನಮ್ಮನ್ನು ಮೆಚ್ಚಿ, ಹರಸಿ, ಬಾಗಿಲು ಹಾಕಿಕೊಂಡರು. ಕೊನೆಗೆ ವರ್ಷದ ಅರ್ಧ ಭಾಗ ಹಿಮ ಬೀಳುವ ಒಂದು ದೇಶದ ವಿಶ್ವವಿದ್ಯಾಲಯದಿಂದ ಮಣ್ಣು ವಿಜ್ಞಾನದ ಪ್ರಾಧ್ಯಾಪಕಿಯೊಬ್ಬರು ಬರೆದರು. ಭತ್ತದ ಗದ್ದೆಯ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ಮೇಲೆ ಅವರ ಕೆಲಸ. ಗದ್ದೆಗಳ ನಡುವಿನ ಒಂದು ಕಾಲೇಜನ್ನು ಅವರು ಹುಡುಕುತ್ತಿದ್ದರಂತೆ. ಪದವಿ ಮುಗಿಸಿದ ಮಕ್ಕಳಿಗೆ ಒಂದು ವರ್ಷದ ಡಿಪ್ಲೊಮಾ. ಪಠ್ಯ ಮತ್ತು ಉಪಕರಣ ಅವರದು, ಕಟ್ಟಡ ಮತ್ತು ಪಾಠ ನಮ್ಮದು, ಖರ್ಚಿನ ಒಂದು ಪಾಲು ಜೈವಿಕ ಗೊಬ್ಬರ ಮಾಡುವ ಒಂದು ಖಾಸಗಿ ಕಂಪನಿಯದು.

ಇದನ್ನು ವಿವರಿಸಲು ಗಿರಣಿಯ ಆಫೀಸಿಗೆ ಹೋದೆ. ನಾನು ‘ಸಹಭಾಗಿತ್ವ’, ‘ಜ್ಞಾನ ವಿನಿಮಯ’ ಎಂದೆಲ್ಲ ಹೇಳುತ್ತಿದ್ದರೆ ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕಣ್ಣು ಬಿಟ್ಟು, “ಅಂದ್ರ ಕೋರು” ಎಂದರು. ನಮ್ಮ ಕಡೆ ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆ ಇಬ್ಬರಿಗೂ ಪಾಲು ಎಂಬ ಏರ್ಪಾಟಿಗೆ ಕೋರು ಎನ್ನುತ್ತಾರೆ.

“ಹೊಲ ನಮ್ದು. ಬೀಜ ಅವ್ರದ್ದು. ಗೊಬ್ಬರ ಕಂಪನೀದು. ದುಡಿಯೋರು ಯಾರು?”

“ನಾವು ಸರ್, ಮೇಷ್ಟ್ರುಗಳು.”

“ಅದೇನು ಹೊಸಾದಲ್ಲ ಬಿಡ್ರಿ,” ಎಂದು ಎಲೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದರು. “ಹುಲ್ಲು ಯಾರಿಗೆ?”

ನನಗೆ ತಲೆಬುಡ ತಿಳಿಯಲಿಲ್ಲ. ಕೋರಿನಲ್ಲಿ ಕಾಳಿಗೆ ಯಾರೂ ಜಗಳ ಆಡುವುದಿಲ್ಲವಂತೆ, ಕಾಳಿನ ಪಾಲು ಮೊದಲೇ ತೀರ್ಮಾನ ಆಗಿರುತ್ತದೆ. ಜಗಳ ಎಲ್ಲ ಹುಲ್ಲಿಗೆ. ಮೂರು ಜನ ಸೇರಿ ಬೆಳೆದ ಮೇಲೆ ಯಾರೂ ಲೆಕ್ಕ ಇಟ್ಟಿರದ ಲಾಭ ಒಂದು ಉಳಿಯುತ್ತದೆ, ಅದು ಯಾರಿಗೆ ಎಂಬುದನ್ನು ಬಿತ್ತುವ ಮೊದಲೇ ಮಾತಾಡಬೇಕು ಎಂದರು. ನಾನು ಮನೆಗೆ ಬಂದು ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಒದ್ದಾಡಿದೆ. ಎರಡನೆಯ ದಿನ ಪ್ರಾಧ್ಯಾಪಕಿಯ ಉತ್ತರ ಬಂತು. ತಾವೂ ರೈತರ ಮಗಳು, ನಿಮ್ಮ ಅಧ್ಯಕ್ಷರನ್ನು ನೋಡಲೇಬೇಕು, ಅದಕ್ಕಾದರೂ ಬರುತ್ತೇನೆ ಎಂದಿದ್ದರು. ಸಹಿ ಹಾಕುವ ಮೊದಲು ಒಮ್ಮೆ ಕಾಲೇಜು ನೋಡುವುದು ಅವರ ನಿಯಮವೂ ಆಗಿತ್ತು.

ಆ ಹೊತ್ತಿಗೆ ಈ ಡಿಪ್ಲೊಮಾಕ್ಕೆ ನನಗಿಂತ ಹೆಚ್ಚು ಹಂಬಲಿಸುತ್ತಿದ್ದವಳು ಒಬ್ಬಳಿದ್ದಳು. ಸೊರಬ ತಾಲ್ಲೂಕಿನ ಉಳವಿಯಿಂದ ಬರುವ, ಕೊನೆಯ ವರ್ಷದ ಬಿ.ಎಸ್ಸಿ. ಹುಡುಗಿ. ಉಳವಿಯಿಂದ ಸೊರಬಕ್ಕೆ ಒಂದು ಬಸ್ಸು, ಸೊರಬದಿಂದ ಶಿಕಾರಿಪುರಕ್ಕೆ ಇನ್ನೊಂದು. ಮೊದಲ ಪಿರಿಯಡ್ಡಿಗೆ ಊರೊಳಗಿನ ಹುಡುಗಿಯರು ತಡವಾಗಿ ಬಂದರೂ ಅವಳು ತಡವಾಗುತ್ತಿರಲಿಲ್ಲ. ಒಂದೇ ಪ್ರಶ್ನೆಯನ್ನು ಮೂರು ರೀತಿ ತಿರುಗಿಸಿ ಕೇಳುತ್ತಿದ್ದಳು, ನನಗೆ ಉತ್ತರ ಗೊತ್ತಿಲ್ಲ ಎಂಬುದು ಇಬ್ಬರಿಗೂ ಖಾತ್ರಿಯಾಗುವವರೆಗೆ ಬಿಡುತ್ತಿರಲಿಲ್ಲ. ಅವಳ ಮೇಲೆ ರೇಗುತ್ತಿದ್ದೆ, ಅವಳು ಬರದ ದಿನ ಪಾಠ ಸಪ್ಪೆ ಎನಿಸುತ್ತಿತ್ತು.

ಅವಳ ತಂದೆ ಗದ್ದೆ ಮಾಡುವವರು. ಮಗಳ ಓದಿಗೆ ಅವರ ವಿರೋಧ ಇರಲಿಲ್ಲ, ಆದರೆ ಒಂದು ಗೆರೆ ಇತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಡುಗಿ ಮನೆಯಲ್ಲಿರಬೇಕು, ಹಾಸ್ಟೆಲ್ಲಿಗೆ ಬಿಡುವ ಮಾತೇ ಇಲ್ಲ. ಶಿವಮೊಗ್ಗಕ್ಕೆ ಹೋಗಿ ಎಂ.ಎಸ್ಸಿ. ಓದುವುದು ಎಂದರೆ ಹಾಸ್ಟೆಲ್ಲು. ಹತ್ತಿರದ ಊರಿನವರು ಒಬ್ಬರು ಆಗಲೇ ಹುಡುಗಿಯನ್ನು ಕೇಳಿಕೊಂಡು ಬಂದಿದ್ದರು. “ಶಿಕಾರಿಪುರಕ್ಕೇ ಆ ಕೋರ್ಸು ಬಂದ್ರೆ ಓದು ಅಂದಾರೆ ಮೇಡಂ,” ಎಂದು ಅವಳು ನನಗೆ ಒಂದು ದಿನ ಹೇಳಿದಳು. “ಬರ್ಲಿಲ್ಲ ಅಂದ್ರೆ ಅವ್ರಿಗೆ ಹ್ಞೂಂ ಅಂತಾರಂತೆ.” ಹೀಗೆ ಒಂದು ಅಂತರರಾಷ್ಟ್ರೀಯ ಒಪ್ಪಂದದ ಮೇಲೆ ಉಳವಿಯ ಒಂದು ಮದುವೆ ನಿಂತಿತ್ತು. ಅವಳು ದಿನಾ ಬೆಳಿಗ್ಗೆ ನನ್ನ ಮುಖ ನೋಡುತ್ತಿದ್ದಳು, ನಾನು ದಿನಾ ಬೆಳಿಗ್ಗೆ ಮಿಂಚಂಚೆ ನೋಡುತ್ತಿದ್ದೆ.

ಪ್ರಾಧ್ಯಾಪಕಿ ಬರುವ ದಿನ ನಿಗದಿಯಾಯಿತು. ಅದರ ಜೊತೆಗೇ ಅವರು ಒಂದು ಸಾಲು ಬರೆದಿದ್ದರು: ನಿಮ್ಮಲ್ಲಿ ಹೆಚ್ಚೇನೂ ಇಲ್ಲದಿದ್ದರೆ ಚಿಂತಿಸಬೇಡಿ, ಇಲ್ಲದ ಕಡೆಗೇ ನಾವು ಬರುವುದು. ಇದನ್ನು ಅಧ್ಯಕ್ಷರಿಗೆ ಓದಿ ಹೇಳಿದೆ. ಅವರು ಹೊಟ್ಟೆ ಕುಣಿಸಿಕೊಂಡು ನಕ್ಕರು.

“ಗಂಡಿನ ಕಡೆಯೋರು ಎಲ್ರೂ ಹಂಗ ಅಂತಾರ್ರೀ! ‘ನಮಗೇನೂ ಬ್ಯಾಡ, ಹುಡುಗಿ ಒಬ್ಬಾಕಿ ಇದ್ರ ಸಾಕು.’ ಹಂಗಂತ ಬರಿಗೈಲೆ ಕೂತವ್ರನ್ನ ನೋಡೀರೇನು? ಅವ್ರು ಮನಿ ನೋಡಾಕ ಬರಾಕತ್ತಾರ. ಮನಿ ತುಂಬಿರಬೇಕು.”

ಇದನ್ನು ಓದುವ ನಮ್ಮ ಕಡೆಯವರಿಗೆ ಮನೆ ನೋಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಸಂಬಂಧ ಕುದುರುವ ಮೊದಲು ಗಂಡಿನ ಕಡೆಯವರು ಹೆಣ್ಣಿನ ಮನೆಗೆ, ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಬಂದು ಹೋಗುತ್ತಾರೆ. ಹುಡುಗಿಯನ್ನು ನೋಡುವುದು ಹೆಸರಿಗೆ, ಕಣ್ಣು ಎಲ್ಲ ಕೊಟ್ಟಿಗೆಯ ಮೇಲೆ, ಅಟ್ಟದ ಮೇಲೆ, ಅಂಗಳದ ಮೇಲೆ. ಅದಕ್ಕೇ ಆ ದಿನಕ್ಕೆ ಅಕ್ಕಪಕ್ಕದವರು ಹಿತ್ತಾಳೆ ಕೊಡ, ಕುರ್ಚಿ, ಒಳ್ಳೆಯ ಎಮ್ಮೆ ಎಲ್ಲ ಕೊಟ್ಟು ಸಹಕರಿಸುತ್ತಾರೆ. ಇದಕ್ಕೆ ಯಾರೂ ಮೋಸ ಎನ್ನುವುದಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದು ಹಿರಿಯರೇ ಅಪ್ಪಣೆ ಕೊಟ್ಟಿದ್ದಾರೆ. ಆನವಟ್ಟಿಯ ನಮ್ಮ ಮನೆಗೆ ನನ್ನನ್ನು ನೋಡಲು ಬಂದಾಗ ನಮ್ಮಪ್ಪ ಅಂಗಳದಲ್ಲಿ ಪಕ್ಕದ ಮನೆಯ ಟ್ರ್ಯಾಕ್ಟರ್ ನಿಲ್ಲಿಸಿದ್ದರು. ಬಂದವರು ಬಜ್ಜಿ ತಿನ್ನುತ್ತಿದ್ದಾಗ ಅದರ ಯಜಮಾನ ಕೀ ಕೇಳಿಕೊಂಡು ಬಂದ. ಅಪ್ಪ ಅವನನ್ನು ನಮ್ಮ ಡ್ರೈವರ್ ಎಂದು ಪರಿಚಯಿಸಿದರು. ಆ ಮನುಷ್ಯ ಅವತ್ತಿನಿಂದ ಎಷ್ಟೋ ತಿಂಗಳು ನಮ್ಮ ಮನೆಯವರ ಜೊತೆ ಮಾತು ಬಿಟ್ಟಿದ್ದ. ನನ್ನ ಅತ್ತೆ ಇವತ್ತಿಗೂ, ಮನೆಗೆ ನೆಂಟರು ಬಂದರೆ, “ಇವಳ ತವರಿನ ಟ್ರ್ಯಾಕ್ಟರ್ ಏನ್ ಚಂದ ಇತ್ತು ಅಂತೀರಿ” ಎಂದು ಶುರು ಮಾಡುತ್ತಾರೆ.

ಹಾಗಾಗಿ ಅಧ್ಯಕ್ಷರ ಮಾತು ನನಗೂ ಸರಿ ಅನಿಸಿಬಿಟ್ಟಿತು. ‘ಏನೂ ಬೇಡ’ ಎಂದವರನ್ನು ನಂಬಿ ಯಾರು ತಾನೇ ಹೆಣ್ಣು ಕೊಟ್ಟಾರು?

ಶುರುವಾಯಿತು ನೋಡಿ ನಮ್ಮ ತಯಾರಿ. ಪಕ್ಕದ ರಸ್ತೆಯ ಪದವಿಪೂರ್ವ ಕಾಲೇಜಿನಿಂದ ಸೂಕ್ಷ್ಮದರ್ಶಕಗಳು ಬಂದವು. ಕಂಪ್ಯೂಟರ್ ತರಬೇತಿ ಕೇಂದ್ರದಿಂದ ಕಂಪ್ಯೂಟರ್‌ಗಳು ಬಂದವು, ಪ್ರತಿಯೊಂದರ ಪರದೆಯ ಮೇಲೂ ಯಾವುದೋ ದಿನಸಿ ಅಂಗಡಿಯ ಜಮಾಖರ್ಚು. ನರ್ಸಿಂಗ್ ಶಾಲೆಯಿಂದ ಬಿಳಿ ಕೋಟುಗಳು, ನರ್ಸರಿಯಿಂದ ಹೂವಿನ ಕುಂಡಗಳು, ಶಾಮಿಯಾನ ಅಂಗಡಿಯಿಂದ ಕೆಂಪು ನೆಲಹಾಸು. ಜನ ಕಡಿಮೆ ಕಾಣಬಾರದೆಂದು ಪ್ರತಿ ವಿದ್ಯಾರ್ಥಿಯೂ ಮನೆಯಿಂದ ಒಬ್ಬರನ್ನು ಕರೆತರಬೇಕೆಂದು ಅಪ್ಪಣೆಯಾಯಿತು. ಕನ್ನಡಿ ಇಲ್ಲದ ಮತ್ತು ಬೂಷ್ಟು ಹಿಡಿದ ನಮ್ಮ ಸ್ವಂತ ಸೂಕ್ಷ್ಮದರ್ಶಕಗಳನ್ನು ಕಪಾಟಿನೊಳಗಿಟ್ಟು, ಕಪಾಟಿನ ಮುಂದೆ ಒಂದು ಸ್ವಾಗತದ ಬ್ಯಾನರ್ ಕಟ್ಟಿದೆವು.

ಪ್ರಾಧ್ಯಾಪಕಿ ಬಂದರು. ಎತ್ತರದ ಹೆಂಗಸು, ಕಾಲಲ್ಲಿ ಚಪ್ಪಲಿ, ಬೆನ್ನಿಗೆ ಒಂದು ಮಾಸಿದ ಚೀಲ. ಅಧ್ಯಕ್ಷರು ಗಂಡಸೇ ಬರುತ್ತಾರೆಂದು ಮೈಸೂರು ಪೇಟ ತರಿಸಿದ್ದರು. ಪ್ರಾಧ್ಯಾಪಕಿ ಎಂದು ನಾನು ಹತ್ತು ಸಲ ಹೇಳಿದ್ದೆ, ಆದರೆ ದೊಡ್ಡ ವಿಶ್ವವಿದ್ಯಾಲಯ ಎಂದ ಮೇಲೆ ಹಿಂದಿನಿಂದ ಒಬ್ಬ ಗಂಡಸು ಇಳಿದೇ ಇಳಿಯುತ್ತಾನೆ ಎಂದು ಅವರು ಕಾರಿನ ಬಾಗಿಲನ್ನೇ ನೋಡುತ್ತಿದ್ದರು. ಇಳಿದದ್ದು ಗೊಬ್ಬರದ ಕಂಪನಿಯ ತರುಣ ಮ್ಯಾನೇಜರ್. ಪೇಟ ಅವನ ತಲೆಗೆ ಏರಿತು, ಕಿವಿಯವರೆಗೂ ಇಳಿಯಿತು. ಪಾಪ, ಊಟ ಮುಗಿಯುವವರೆಗೂ ಅದನ್ನು ತೆಗೆಯಬಹುದೋ ಬಾರದೋ ಎಂದು ಅವನಿಗೆ ತಿಳಿಯಲಿಲ್ಲ.

ಪ್ರಯೋಗಾಲಯದಲ್ಲಿ ನಮ್ಮ ಹುಡುಗಿಯರು ಬಿಳಿ ಕೋಟು ಹಾಕಿಕೊಂಡು ಒಂದೊಂದು ಸೂಕ್ಷ್ಮದರ್ಶಕದ ಹಿಂದೆ ನಿಂತಿದ್ದರು. ಉಳವಿಯ ಹುಡುಗಿ ತನ್ನ ಗದ್ದೆಯ ನೀರನ್ನು ಒಂದು ಬಾಟಲಿಯಲ್ಲಿ ತಂದಿದ್ದಳು. ಎಲ್ಲರೂ ಅತಿಥಿಯನ್ನು ನೋಡುತ್ತಿದ್ದರೆ ಅವಳೊಬ್ಬಳು ಸೂಕ್ಷ್ಮದರ್ಶಕದೊಳಗೆ ನೋಡುತ್ತಿದ್ದಳು. ತಲೆ ಎತ್ತು ಎಂದು ನಾನು ಕಣ್ಣಲ್ಲೇ ಗದರಿದೆ, ಆದರೆ ಕಣ್ಣು ನನ್ನ ಕಡೆ ಇದ್ದರೆ ತಾನೆ ಕಾಣುವುದು. ಪ್ರಾಧ್ಯಾಪಕಿ ಎಲ್ಲವನ್ನೂ ನೋಡಿದರು, ತಲೆಯಾಡಿಸಿದರು, ಯಾಕೋ ಮಾತು ಕಡಿಮೆ ಮಾಡಿದರು. ಅಧ್ಯಕ್ಷರು ನನ್ನ ಕಿವಿಯಲ್ಲಿ, “ದಂಗಾಗ್ಯಾಳ ನೋಡ್ರಿ” ಎಂದರು.

ಊಟಕ್ಕೆ ಕೂತಾಗ ಅವರು ಮಾತು ತೆಗೆದರು. ಮೆಣಸಿನಕಾಯಿ ಬಜ್ಜಿಯ ಖಾರಕ್ಕೆ ಅವರ ಕಣ್ಣಲ್ಲಿ ನೀರು, ಆದರೆ ಮಾತು ಸ್ಪಷ್ಟವಾಗಿತ್ತು. ನಿಮ್ಮ ಕಾಲೇಜು ನೋಡಿ ನನಗೆ ತುಂಬ ಸಂತೋಷವಾಯಿತು ಎಂದರು. ಇಷ್ಟೆಲ್ಲ ಇದೆ ಎಂದು ನಾನು ಊಹಿಸಿರಲಿಲ್ಲ. ನಮಗೆ ಸಿಕ್ಕಿರುವ ಹಣ ಪ್ರಯೋಗಾಲಯ ಇಲ್ಲದ ಕಾಲೇಜುಗಳಿಗೆ ಮೀಸಲು, ಅದನ್ನು ನಿಮಗೆ ಕೊಡಲು ನಿಯಮ ಬಿಡುವುದಿಲ್ಲ. ನಾನು ಬೇರೆ ಕಾಲೇಜು ಹುಡುಕಬೇಕು. ಸ್ನೇಹ ಮಾತ್ರ ಹೀಗೇ ಇರಲಿ ಎಂದರು.

ಇದನ್ನು ನಾನು ಅಧ್ಯಕ್ಷರಿಗೆ ಕನ್ನಡದಲ್ಲಿ ಹೇಳಿದೆ. ಅವರು ನಕ್ಕರು. “ಹಂಗ ಅಂತಾರ, ಹಂಗ ಅಂತಾರ. ಇನ್ನೊಂದು ಹೋಳಿಗಿ ಹಾಕ್ರಿ.”

“ಇಲ್ಲ ಸರ್. ಇವರು ಬರೆದದ್ದು ನಿಜವಾಗಿಯೂ ನಿಜವಂತೆ. ನಮ್ಮಲ್ಲಿ ಎಲ್ಲ ಇದೆ ಅಂತ ಬಿಟ್ಟು ಹೋಗ್ತಿದಾರೆ.”

ಎಲೆ ಅಗಿಯುವುದು ನಿಂತಿತು. ಜೀವಮಾನದಲ್ಲಿ ಅಷ್ಟು ಮದುವೆ ಮಾತುಕತೆ ಮುಗಿಸಿದ ಮನುಷ್ಯ, ಮನೆ ತುಂಬಿದೆ ಎಂಬ ಕಾರಣಕ್ಕೆ ಸಂಬಂಧ ಮುರಿದದ್ದನ್ನು ಕಂಡಿರಲಿಲ್ಲ. ಇದೆಲ್ಲ ಎರವಲು ಎಂದು ಹೇಳಿಬಿಡೋಣ ಎಂದೆ. “ಹುಚ್ಚು ಹಿಡದೈತೇನ್ರೀ? ಮಾನ ಹೊಕ್ಕೈತಿ,” ಎಂದು ಹಲ್ಲು ಕಚ್ಚಿದರು. ನನಗೂ ಸಿಟ್ಟು ನೆತ್ತಿಗೇರಿತು. ಈ ಮಾನಕ್ಕೆ ಒಬ್ಬಳ ಓದು ಹೋಗುತ್ತದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಗೇಟಿನ ಹತ್ತಿರ ಲಗೇಜ್ ಆಟೋದ ಸದ್ದು.

ಪದವಿಪೂರ್ವ ಕಾಲೇಜಿನ ಜವಾನ ಬಂದಿದ್ದ. ಅವರ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕೂತಿದ್ದಾರಂತೆ. “ಸಾರ್, ನಮ್ ಮೈಕ್ರೋಸ್ಕೋಪ್ ಕೊಡ್ರಿ, ಪ್ರಿನ್ಸಿಪಾಲ್ರು ಕುಣಿಯಾಕತ್ತಾರ,” ಎಂದು ಅವನು ಪಂಕ್ತಿಯ ಮುಂದೆಯೇ ನಿಂತು ಕೂಗಿದ. ಆನವಟ್ಟಿಯ ಅಂಗಳದಲ್ಲಿ ನಮ್ಮಪ್ಪನ ಮುಖ ಹೇಗಾಗಿತ್ತು ಎಂದು ಆವತ್ತು ನಾನು ಅಧ್ಯಕ್ಷರ ಮುಖದಲ್ಲಿ ನೋಡಿದೆ.

“ಸರ್ವೀಸಿಂಗಿಗೆ ಹೊಂಟಾವು ಅಂತ ಆಕಿಗೆ ಹೇಳ್ರಿ,” ಎಂದರು.

ನನಗೆ ಗೊತ್ತಿದ್ದ ಇಂಗ್ಲಿಷೆಲ್ಲ ಆ ಕ್ಷಣಕ್ಕೆ ಮರೆತುಹೋಯಿತು ಎಂದು ಇಟ್ಟುಕೊಳ್ಳಿ. ಜವಾನ ಆಗಲೇ ಪ್ರಯೋಗಾಲಯದ ಕಡೆ ನಡೆದಿದ್ದ. ಪ್ರಾಧ್ಯಾಪಕಿ ಕೈ ಒರೆಸಿಕೊಂಡು ಅವನ ಹಿಂದೆ ಹೋದರು, ನಾವೂ ಹೋದೆವು, ನಮ್ಮ ಹಿಂದೆ ಪೇಟ ಹಾಕಿಕೊಂಡ ಮ್ಯಾನೇಜರ್, ಅವನ ಹಿಂದೆ ಕೈಯಲ್ಲಿ ಲಾಡು ಹಿಡಿದ ಪೋಷಕರು.

ಒಳಗೆ ಬೇರೆ ಹುಡುಗಿಯರು ಊಟಕ್ಕೆ ಹೋಗಿಯಾಗಿತ್ತು. ಉಳವಿಯವಳು ಹೋಗಿರಲಿಲ್ಲ. ಅದೇ ಸೂಕ್ಷ್ಮದರ್ಶಕಕ್ಕೆ ಕಣ್ಣು ಅಂಟಿಸಿಕೊಂಡು ನಿಂತಿದ್ದಳು. ಜವಾನ ಒಂದೊಂದನ್ನೇ ಎತ್ತಿ ಪೆಟ್ಟಿಗೆಗೆ ಇಡುತ್ತ ಅವಳದರ ಹತ್ತಿರ ಬಂದ. ಅವಳು ತಲೆ ಎತ್ತಲಿಲ್ಲ. ಎರಡೂ ಕೈಯಿಂದ ಅದನ್ನು ತಬ್ಬಿ ಹಿಡಿದಳು.

“ಒಂದೇ ಒಂದು ನಿಮಿಷ ಅಣ್ಣಾ. ಒಂದೇ ನಿಮಿಷ ಕೊಡು.”

ಅವಳು ಏನು ಹೇಳುತ್ತಿದ್ದಾಳೆ ಎಂದು ಪ್ರಾಧ್ಯಾಪಕಿ ಕೇಳಿದರು. ಇದನ್ನು ನಾನು ಅನುವಾದಿಸಿದೆ. ದಿನಾ ನೋಡುವುದಲ್ಲವೇ ಎಂದು ಅವರು ಹುಡುಗಿಯನ್ನೇ ಕೇಳಿದರು. ಅವಳು ಆಗ ತಲೆ ಎತ್ತಿದಳು. ಅಧ್ಯಕ್ಷರನ್ನು ನೋಡಿದಳು, ನನ್ನನ್ನು ನೋಡಿದಳು.

“ನೋ ಮೇಡಂ. ಟುಡೇ ಫಸ್ಟ್ ಟೈಮ್,” ಎಂದಳು. ಅಷ್ಟಕ್ಕೆ ಅವಳ ಇಂಗ್ಲಿಷ್ ಮುಗಿಯಿತು. ನನ್ನ ಕಡೆ ತಿರುಗಿ ಕನ್ನಡದಲ್ಲಿ, ದೂರಿನ ದನಿಯಲ್ಲಲ್ಲ, ಸುದ್ದಿ ಹೇಳುವ ಖುಷಿಯಲ್ಲಿ ಹೇಳಿದಳು: “ಮೇಡಂ, ಇವು ಓಡಾಡ್ತಾವೆ! ಬೋರ್ಡಿನ ಮೇಲೆ ಓಡಾಡ್ತಿರ್ಲಿಲ್ಲ.”

ನನಗೆ ಅಳು ಬಂತು. ಅದನ್ನು ಯಾಕೆ ಮುಚ್ಚಿಡಲಿ. ಬಾಗಿಲಲ್ಲಿ ನಿಂತ ಪೋಷಕರ ಗುಂಪಿನಲ್ಲಿ ಅವಳ ತಂದೆ ಇದ್ದರು. ಲಾಡನ್ನು ಅಂಗೈಯಲ್ಲಿ ಹಾಗೇ ಹಿಡಿದುಕೊಂಡು ಮಗಳನ್ನು ಕೇಳಿದರು, “ಮೂರು ವರ್ಷ ದಿನಾ ಎರಡು ಬಸ್ಸು ಹತ್ತಿ ನೀನು ಬಂದಿದ್ದು ಚಿತ್ರ ನೋಡಕಾ?”

ಅವರು ನನ್ನನ್ನು ಕೇಳಿರಲಿಲ್ಲ, ಅಧ್ಯಕ್ಷರನ್ನೂ ಕೇಳಿರಲಿಲ್ಲ. ಆದರೂ ಯಾರೂ ಅವರ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ.

ಅಧ್ಯಕ್ಷರು ಬಾಯಲ್ಲಿದ್ದ ಎಲೆಯನ್ನು ಕಿಟಕಿಯಿಂದ ಆಚೆ ಉಗುಳಿ ಬಂದರು. “ಹೇಳ್ರಿ ಆಕಿಗೆ. ಇದ್ದದ್ದು ಇದ್ದಂಗ ಹೇಳ್ರಿ,” ಎಂದರು. ನಾನು ಹೇಳಲು ಶುರು ಮಾಡುವ ಮೊದಲೇ ತಾವೇ ಬ್ಯಾನರ್ ಕಿತ್ತು, ಕಪಾಟು ತೆರೆದು, ಬೂಷ್ಟು ಹಿಡಿದ ಸೂಕ್ಷ್ಮದರ್ಶಕವನ್ನು ತಂದು ಪ್ರಾಧ್ಯಾಪಕಿಯ ಕೈಗಿಟ್ಟರು. “ದಿಸ್ ಅವರ್. ಓನ್ಲಿ ದಿಸ್,” ಎಂದರು. ಪ್ರಾಧ್ಯಾಪಕಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಕ್ಕು, ಬೂಷ್ಟು ಬಹಳ ಆರೋಗ್ಯವಾಗಿದೆ, ಯಾರು ಇಷ್ಟು ಚೆನ್ನಾಗಿ ಸಾಕಿದ್ದು ಎಂದು ಕೇಳಿದರು.

ಹೋಗುವ ಮೊದಲು ಅವರು ಒಪ್ಪಿಗೆ ಕೊಟ್ಟರು. ಮಾರನೆಯ ವಾರವೇ ಗೇಟಿನ ಮೇಲೆ ಬಾವುಟದ ಬೋರ್ಡು ಬಂತು, ಸಹಿ ಇನ್ನೂ ಆಗಿರಲಿಲ್ಲ. ಸಹಿ ಎಂದರೆ ಸುಲಭವೇ? ನಾವು ಸಂಯೋಜನೆ ಪಡೆದಿದ್ದ ವಿಶ್ವವಿದ್ಯಾಲಯ ಒಪ್ಪಬೇಕು, ಅದರ ವಿದ್ಯಾವಿಷಯಕ ಪರಿಷತ್ತು ಒಪ್ಪಬೇಕು, ಸರ್ಕಾರ ತಿಳಿದಿರಬೇಕು, ಕಂಪನಿಯ ವಕೀಲರು ಹುಲ್ಲಿನ ವಿಷಯವನ್ನು ಓದಿ ಅರ್ಥ ಮಾಡಿಕೊಳ್ಳಬೇಕು. ದೇಶದ ದೊಡ್ಡ ಊರುಗಳಲ್ಲಿ ಪರದೇಶದ ವಿಶ್ವವಿದ್ಯಾಲಯಗಳು ಸ್ವಂತ ಕಟ್ಟಡವನ್ನೇ ಕಟ್ಟುತ್ತಿವೆ ಎಂದು ಪತ್ರಿಕೆಯಲ್ಲಿ ಬರುತ್ತದೆ. ನಮ್ಮಂಥ ಕಡೆಗೆ ಅವು ಬರುವುದು ಬಳಸು ದಾರಿಯಲ್ಲಿ. ನಾನು ದಿನಾ ಒಂದಲ್ಲ ಒಂದು ಕಚೇರಿಗೆ ಫೋನ್ ಮಾಡಿ ಜಗಳವಾಡಿದೆ. ಕೊನೆಗೆ ತಿಳಿದದ್ದು ಇಷ್ಟು: ಉಪಕರಣ ಬಂದು ಡಿಪ್ಲೊಮಾ ಶುರುವಾಗುವುದು ಈ ವರ್ಷ ಅಲ್ಲ, ಮುಂದಿನ ವರ್ಷ.

ಹುಡುಗಿಯ ಪರೀಕ್ಷೆ ಆಗಲೇ ಮುಗಿದಿತ್ತು. ಕೋರ್ಸು ಬರದಿದ್ದರೆ ಮದುವೆ ಎಂದಿದ್ದ ಅವಳ ತಂದೆಯ ಮಾತು ನೆನಪಾಯಿತು. ಒಂದು ಭಾನುವಾರ ನಾನೇ ಸೊರಬಕ್ಕೆ ಹೋಗಿ ಬಸ್ಸು ಬದಲಿಸಿ ಉಳವಿಯಲ್ಲಿ ಇಳಿದೆ. ಅವಳು ಮೂರು ವರ್ಷ ಪ್ರತಿ ದಿನ ಮಾಡಿದ್ದನ್ನು ಒಂದು ದಿನ ಮಾಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಒಂದು ವರ್ಷ ತಡೆಯಿರಿ, ಹುಡುಗಿಯ ಓದು ಹಾಳು ಮಾಡಬೇಡಿ, ಮದುವೆ ಎಲ್ಲಿ ಓಡಿಹೋಗುತ್ತದೆ ಎಂದು ಹೇಳಬೇಕಾದ್ದನ್ನೆಲ್ಲ ಬಸ್ಸಿನಲ್ಲೇ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಒಪ್ಪದಿದ್ದರೆ ಜಗಳಕ್ಕೂ ತಯಾರಾಗಿದ್ದೆ.

ತಂದೆ ಅಂಗಳದಲ್ಲಿ ಔಷಧಿ ಹೊಡೆಯುವ ಪಂಪು ಬಿಚ್ಚಿಕೊಂಡು ಕೂತಿದ್ದರು. ಎದ್ದು ಕುರ್ಚಿ ಹಾಕಿದರು. ಒಂಬತ್ತನೆಯ ತರಗತಿಯ ಚಿಕ್ಕ ಮಗಳು ಬೆಲ್ಲ, ನೀರು ತಂದಿಟ್ಟಳು. ದೊಡ್ಡವಳು ಸೊರಬಕ್ಕೆ ಹೋಗಿದ್ದಾಳೆ, ಟ್ರಂಕು ತರಕ್ಕೆ ಎಂದರು.

ಟ್ರಂಕು ಎಂದರೆ ಮದುವೆಯದೇ ಎಂದುಕೊಂಡೆ. ನನ್ನ ಭಾಷಣ ಶುರು ಮಾಡಿದೆ. ಮುಂದಿನ ವರ್ಷ ಖಂಡಿತ ಕೋರ್ಸು ಬರುತ್ತದೆ ಎಂದೆ, ಸೂಕ್ಷ್ಮದರ್ಶಕಗಳ ಹೆಸರು ಹೇಳಿದೆ, ಗೇಟಿನ ಬೋರ್ಡಿನ ಬಗ್ಗೆಯೂ ಹೇಳಿದೆ. ಅವರು ಪಂಪಿನ ನಳಿಕೆಯನ್ನು ಒರೆಸುತ್ತ ಪೂರ್ತಿ ಕೇಳಿದರು.

“ಶಿವಮೊಗ್ಗಕ್ಕೆ ಕಳಿಸ್ತಿದೀನಿ ಮೇಡಂ. ಹಾಸ್ಟೆಲ್ಲಿಗೆ. ಸೋಮವಾರ ಬಿಟ್ಟು ಬರ್ತೀನಿ.”

“ನೀವು ಹಾಸ್ಟೆಲ್ ಬೇಡ ಅಂತಿದ್ರಲ್ಲ?”

“ಅಂತಿದ್ದೆ. ಆಮೇಲೆ ನಾನೇ ಒಂದಿನ ಹೋಗಿ ನೋಡ್ಕಂಡು ಬಂದೆ. ಹೇಳ್ದೆ ಕೇಳ್ದೆ ಹೋದೆ. ಮೊದ್ಲೇ ಹೇಳಿ ಹೋದ್ರೆ ಎಲ್ಲಿಂದಾದ್ರೂ ತಂದು ಇಟ್ಟಿರ್ತಾರೆ.” ಈ ಮಾತಿನಲ್ಲಿ ಕುಹಕ ಇರಲಿಲ್ಲ, ಅದೇ ನನಗೆ ಹೆಚ್ಚು ತಾಗಿತು. “ಅಲ್ಲಿ ಒಬ್ರು ಮೇಷ್ಟ್ರು ನಂಗೂ ಕಣ್ಣಿಟ್ಟು ನೋಡಕ್ಕೆ ಕೊಟ್ರು. ಹೌದು ಮೇಡಂ, ಓಡಾಡ್ತಾವೆ.”

ಕೇಳಿಕೊಂಡು ಬಂದಿದ್ದ ಗಂಡಿ‌ನ ಕಡೆಯವರು ಏನಾದರು ಎಂದು ಕೇಳಿದೆ. “ಎರಡು ವರ್ಷ ಕಾಯ್ರಿ ಅಂದೆ. ಆಗಲ್ಲ ಅಂದ್ರು. ಆಗ್ದಿದ್ರೆ ಬಿಡ್ರಿ ಅಂದೆ.”

ನನ್ನ ಜಗಳ ಎಲ್ಲ ಬಾಯಲ್ಲೇ ಉಳಿಯಿತು. ಖುಷಿಯಾಯಿತು, ತುಂಬ ಖುಷಿಯಾಯಿತು. ಹೊಟ್ಟೆಯೂ ಉರಿಯಿತು. ಅವಳಿಗೋಸ್ಕರ ನಾನು ತಂದ ಕೋರ್ಸಿಗೆ ಅವಳೇ ಇಲ್ಲ ಎಂಬುದನ್ನು ನುಂಗಿಕೊಳ್ಳಲು ನನಗೆ ಆ ಬೆಲ್ಲ ಸಾಲಲಿಲ್ಲ. ನಮ್ಮ ಮೊದಲ ತಂಡದಲ್ಲಿ ಅವಳು ಇರಬೇಕಿತ್ತು ಎಂದು ಬಾಯಿಬಿಟ್ಟು ಹೇಳಿಯೇಬಿಟ್ಟೆ.

ಅವರಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಬಸ್ಸಿನವರೆಗೂ ಬಂದರು. ನಾನು ಹತ್ತುವಾಗ ಮೆಟ್ಟಿಲ ಹತ್ತಿರ ನಿಂತು ಹೇಳಿದರು:

“ಬೇಜಾರು ಮಾಡ್ಕಬೇಡಿ. ಚಿಕ್ಕವಳನ್ನ ನಿಮ್ಮಲ್ಲಿಗೇ ಕಳಿಸ್ತೀನಿ. ಆ ಮೈಕ್ರೋಸ್ಕೋಪು ಬಂದ ಮೇಲೆ ಒಂದು ಫೋನ್ ಮಾಡಿ.” ಬಸ್ಸು ಹೊರಟಿತು. ಅವರು ಎರಡು ಹೆಜ್ಜೆ ಜೊತೆಗೇ ನಡೆದು ಕಿಟಕಿಯ ಹತ್ತಿರ ಬಾಯಿ ತಂದರು. “ಬಂದ ಮೇಲೆ ಮೇಡಂ. ಬರ್ತದೆ ಅಂದಾಗ ಅಲ್ಲ.”